ಅರೆನೆನಪಿನ ಗಿರಾಕಿ

ನಮ್ಮಜ್ಜಿಗೆ ಓದು ಬರೆಹ ಬರುತ್ತಿರಲಿಲ್ಲ. ಅಂಗಡಿಗೆ ಚೀಟಿ ಬರೆಸಿ ಕಳಿಸುವ ಗೋಜೂ ಅವಳಿಗಿರಲಿಲ್ಲ. ಊದುಬತ್ತಿ ಬೇಕಾದರೆ ‘ಸೈಕಲ್ಲಿಂದು ತಗೊಂಬಾ’ ಅನ್ನುವಳು, ಬೆಂಕಿಪೊಟ್ಟಣವಾದರೆ ‘ಹಡಗಿಂದು’. ಅವಳ ಪಾಲಿಗೆ ಚಿತ್ರವೇ ಹೆಸರು, ಬಣ್ಣವೇ ವಿಳಾಸ.

ಒಮ್ಮೆ ತಲೆನೋವಿನ ಮುಲಾಮು ತರಲು ನನ್ನನ್ನು ಕಳಿಸಿದಳು. ನಾನಾಗ ಐದನೇ ಕ್ಲಾಸು. ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವ ವಯಸ್ಸು. ಅಂಗಡಿಯವನು ಕೊಟ್ಟ ಡಬ್ಬಿಯ ಬಣ್ಣ ಅದೇ, ಮುಚ್ಚಳ ಅದೇ, ಹೆಸರಿನ ಮೊದಲೆರಡು ಅಕ್ಷರವೂ ಅದೇ. ಓಡಿಬಂದು ಅಜ್ಜಿಯ ಕೈಗಿಟ್ಟೆ. ಅವಳು ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದಳು. ‘ಇದು ಅದಲ್ಲ ಮಗಾ, ಅದರ ತಮ್ಮ’ ಅಂದಳು.

ಓದು ಬಾರದವಳು ಒಂದೇ ಉಸಿರಿಗೆ ಹಿಡಿದ ಕಳ್ಳನನ್ನು ಓದು ಬಲ್ಲವನು ಮನೆಯವರೆಗೂ ಕರೆತಂದಿದ್ದ. ಎಷ್ಟೋ ವರ್ಷಗಳ ಮೇಲೆ ಟ್ರೇಡ್‌ಮಾರ್ಕ್ ತೀರ್ಪುಗಳನ್ನು ಓದುವಾಗ ಆ ಐದನೇ ಕ್ಲಾಸಿನ ಹುಡುಗ ನನಗಲ್ಲಿ ಮತ್ತೆ ಸಿಕ್ಕಿದ. ಕಾನೂನು ಅವನನ್ನು ಬಹಳ ಹಿಂದೆಯೇ ಗುರುತಿಸಿಟ್ಟಿತ್ತು.

ಎರಡು ಧಾರೆಗಳ ಕಥೆ

‘ಅಮೃತಧಾರಾ’ ಎಂಬ ಔಷಧಿ 20ನೇ ಶತಮಾನದ ಆರಂಭದಿಂದಲೂ ಮಾರಾಟದಲ್ಲಿತ್ತು. ಅದೇ ಬಗೆಯ ಇನ್ನೊಂದು ಔಷಧಿ ‘ಲಕ್ಷ್ಮಣಧಾರಾ’. ಎರಡನೆಯದನ್ನು ನೋಂದಾಯಿಸಲು ಹೊರಟಾಗ ಮೊದಲಿನವರು ಅಡ್ಡಬಂದರು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಮೃತ ಎಲ್ಲಿ, ಲಕ್ಷ್ಮಣ ಎಲ್ಲಿ, ಅರ್ಥದಲ್ಲಿ ಏನು ಹೋಲಿಕೆ ಎಂದು ಯಾರಾದರೂ ಕೇಳಬಹುದು. 1962ರಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿಗಳು ನಿಘಂಟನ್ನು ಪಕ್ಕಕ್ಕಿಟ್ಟು ಅಂಗಡಿಯ ಮುಂದೆ ನಿಂತವನನ್ನು ನೋಡಿದರು. ಅವನದು ಸಾಧಾರಣ ಬುದ್ಧಿ, ಅರೆಬರೆ ನೆನಪು. ಅವನು ಹೆಸರನ್ನು ಬಿಡಿಸಿ ಸಮಾಸ ಹೇಳುವುದಿಲ್ಲ. ಕಿವಿಯಲ್ಲಿ ಉಳಿದ ಒಟ್ಟು ದನಿಯನ್ನೇ ನಂಬಿ ಕೊಳ್ಳುತ್ತಾನೆ. ಅಂಥವನು ಮೋಸಹೋದಾನು ಎಂದು ಕೋರ್ಟು ಹೇಳಿತು. ಆದರೂ ಉತ್ತರ ಪ್ರದೇಶದಲ್ಲಿ ಲಕ್ಷ್ಮಣಧಾರಾ ಬಹುಕಾಲ ಬಹಿರಂಗವಾಗಿಯೇ ಮಾರಾಟವಾಗಿತ್ತು, ಎದುರಿನವರು ಸುಮ್ಮನಿದ್ದರು. ಹಾಗಾಗಿ ಆ ರಾಜ್ಯಕ್ಕೆ ಸೀಮಿತವಾಗಿ ಅದಕ್ಕೆ ನೋಂದಣಿ ಸಿಕ್ಕಿತು.

ಅಲ್ಲಿಂದೀಚೆಗೆ ಈ ಅರೆನೆನಪಿನ ಗಿರಾಕಿ ಭಾರತದ ಕೋರ್ಟುಗಳಲ್ಲಿ ಕಾಯಂ ಪಾತ್ರಧಾರಿ. ಔಷಧಿಯ ವಿಷಯ ಬಂದರೆ ಅವನ ಬಗ್ಗೆ ಕಾಳಜಿ ಇನ್ನೂ ಹೆಚ್ಚು. ‘ಫಾಲ್ಸಿಗೊ’, ‘ಫಾಲ್ಸಿಟ್ಯಾಬ್’ ಎಂಬ ಎರಡು ಮಲೇರಿಯಾ ಔಷಧಿಗಳ ಜಗಳದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಸೋಪು ತಪ್ಪಿದರೆ ಕೆಲವು ರೂಪಾಯಿ ನಷ್ಟ, ಮಾತ್ರೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಹೀಗಾಗಿ ಅಲ್ಲಿ ಅಳತೆಗೋಲು ಬಿಗಿಯಾಗಿರಬೇಕು.

ಮಾರುವವರು ಇಷ್ಟೇಕೆ ಹೊಡೆದಾಡುತ್ತಾರೆ? ಉತ್ತರ ಮಂಗಳೂರಿನಲ್ಲಿದೆ. ಪಾಲುದಾರರ ಒಡಕಿನಿಂದ ವಿಸರ್ಜನೆಯಾದ ಮಂಗಳೂರು ಗಣೇಶ್ ಬೀಡಿ ಸಂಸ್ಥೆಯನ್ನು 1994ರಲ್ಲಿ ಹಳೆಯ ಪಾಲುದಾರರ ಒಂದು ಗುಂಪೇ 92 ಕೋಟಿ ರೂಪಾಯಿಗೆ ಕೊಂಡಿತು. ಎಲೆ, ಹೊಗೆಸೊಪ್ಪು, ದಾರ ಯಾರ ಬಳಿಯಾದರೂ ಸಿಗುತ್ತದೆ. ಆ ಬೆಲೆಯ ದೊಡ್ಡ ಪಾಲು ಕಟ್ಟಿನ ಮೇಲಿನ ಹೆಸರು ಮತ್ತು ಅದರ ಹಿಂದಿನ ಕಸುಬಿನದು. ಆಮೇಲೆ ಆದಾಯ ತೆರಿಗೆ ಇಲಾಖೆಯೊಂದಿಗೆ ತಕರಾರು ಹುಟ್ಟಿ, ಟ್ರೇಡ್‌ಮಾರ್ಕ್ ಕೂಡ ವ್ಯವಹಾರದ ಯಂತ್ರೋಪಕರಣದ ಹಾಗೆಯೇ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು.

ಕೋರ್ಟಿಗೆ ಹೋಗಲಾರದ ಸಣ್ಣ ವ್ಯಾಪಾರಿ ತನ್ನದೇ ಕಾನೂನು ಮಾಡಿಕೊಂಡಿದ್ದಾನೆ. ‘ನಕಲಿಗಳ ಬಗ್ಗೆ ಎಚ್ಚರಿಕೆ’, ‘ನಮಗೆ ಬೇರೆ ಶಾಖೆಗಳಿಲ್ಲ’ ಎಂಬ ಬೋರ್ಡುಗಳು ನಮ್ಮ ಪೇಟೆಬೀದಿಗಳ ತಡೆಯಾಜ್ಞೆಗಳು.

ನಂದಿನಿ ಯಾರ ಮಗಳು?

ಬೆಳಗಿನ ಜಾವ ಬಾಗಿಲಿಗೆ ಬಂದು ಬೀಳುವ ನೀಲಿ ಪ್ಯಾಕೆಟ್ಟಿನ ‘ನಂದಿನಿ’ಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ. ಕರ್ನಾಟಕ ಹಾಲು ಮಹಾಮಂಡಳ ಆ ಹೆಸರನ್ನು ಬಳಸತೊಡಗಿದ್ದು 1985ರಲ್ಲಿ. 1989ರಲ್ಲಿ ಬೆಂಗಳೂರಿನಲ್ಲಿ ‘ನಂದಿನಿ ಡಿಲಕ್ಸ್’ ಎಂಬ ಹೋಟೆಲ್ ಶುರುವಾಯಿತು. ಬಾಳೆಲೆ, ಅನ್ನ, ಖಾರದ ಪುಡಿ, ಬಿರಿಯಾನಿ; ಪೂರಾ ಆಂಧ್ರ ಶೈಲಿ. ಹೋಟೆಲಿನವರು ತಮ್ಮ ಹೆಸರನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ಆಕ್ಷೇಪ ಎತ್ತಿತು.

ವ್ಯಾಜ್ಯ ತೊಟ್ಟಿಲಿನಂತೆ ತೂಗಿತು. 2007ರಲ್ಲಿ ಟ್ರೇಡ್‌ಮಾರ್ಕ್ ಕಚೇರಿ ಹೋಟೆಲಿನ ಪರ. 2011ರಲ್ಲಿ ಮೇಲ್ಮನವಿ ಮಂಡಳಿ ಹಾಲಿನ ಪರ. 2014ರಲ್ಲಿ ಹೈಕೋರ್ಟೂ ಹಾಲಿನ ಪರ. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟು ತೂಗಾಟ ನಿಲ್ಲಿಸಿತು.

ಕಾರಣಗಳು ಸ್ವಾರಸ್ಯಕರ. ನಂದಿನಿ ಎಂಬುದು ಯಾರೋ ಕೂತು ಹೊಸೆದ ಪದವಲ್ಲ, ಪುರಾಣದ ದೇವತೆಯ, ಹಸುವಿನ ಹೆಸರು ಎಂದಿತು ಕೋರ್ಟು. ಕಟೀಲಿನಲ್ಲಿ ದೇವಿಯ ಗುಡಿಯನ್ನು ಬಳಸಿ ಹರಿಯುವ ಹೊಳೆಯ ಹೆಸರೂ ಅದೇ ಎಂಬುದು ಕರಾವಳಿಯವರಿಗೆಲ್ಲ ಗೊತ್ತು. ಹೋಟೆಲ್ ತೆರೆದಾಗ ಹಾಲಿನ ನಂದಿನಿಗೆ ನಾಲ್ಕೇ ವರ್ಷ. ಹೆಸರು ಕೇಳಿದೊಡನೆ ಅದೊಂದೇ ನೆನಪಾಗುವಷ್ಟು ಬೇರು ಆಗಿನ್ನೂ ಇಳಿದಿರಲಿಲ್ಲ. ಎರಡರ ಚಿತ್ರವೂ ಬೇರೆ, ಒಂದರಲ್ಲಿ ಹಸು, ಇನ್ನೊಂದರಲ್ಲಿ ದೀಪ. ಸರಕು ಮತ್ತು ಸೇವೆಗಳನ್ನು ಕಾನೂನು 45 ವರ್ಗಗಳಾಗಿ ವಿಂಗಡಿಸಿದೆ. ಹಾಲು ಮತ್ತು ಮಾಂಸ ಎರಡೂ ಕಾಗದದ ಮೇಲೆ ಒಂದೇ ವರ್ಗಕ್ಕೆ ಸೇರುತ್ತವೆ ಅಂದಮಾತ್ರಕ್ಕೆ ಇಡೀ ವರ್ಗವನ್ನು ಒಬ್ಬರೇ ಬೇಲಿ ಹಾಕಿ ಹಿಡಿದಿಡಲಾಗದು. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಹೋಟೆಲಿನವರು ಈ ಹೆಸರು ಹಾಕುವಂತಿಲ್ಲ. ಅದನ್ನು ಅವರೇ ಬಿಟ್ಟುಕೊಟ್ಟಿದ್ದರು.

ಹಾಲಿನ ಬೂತಿನ ಮುಂದೆ ನಿಂತು ಬಿರಿಯಾನಿ ಕೇಳುವವರಿಲ್ಲ. ಅರೆನೆನಪಿನ ಗಿರಾಕಿ ಮರೆಗುಳಿ ನಿಜ, ಪೆದ್ದನಲ್ಲ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಹುಡುಕುವುದರಲ್ಲೇ ಟ್ರೇಡ್‌ಮಾರ್ಕ್ ವಕೀಲರ ಆಯುಸ್ಸು ಸವೆಯುತ್ತದೆ.

ಬಸ್ಸಿನ ಮೇಲಿನ ಐದಕ್ಷರ

ನಂದಿನಿ ಪ್ರಕರಣದಲ್ಲಿ ಒಂದು ಹೆಸರಿಗೆ ಎರಡು ಸರಕು. ಕೆಎಸ್‌ಆರ್‌ಟಿಸಿ ಪ್ರಕರಣದಲ್ಲಿ ಹೆಸರೂ ಒಂದೇ, ಸರಕೂ ಒಂದೇ. ಕೇರಳದ ನಿಗಮ 1965ರಿಂದ ಆ ಅಕ್ಷರಗಳಲ್ಲಿ ಓಡುತ್ತಿದೆ. ನಮ್ಮದು ಮೊದಲು ಮೈಸೂರು ರಾಜ್ಯದ ನಿಗಮ. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾದಾಗ ಬಸ್ಸಿನ ಮೊದಲಕ್ಷರವೂ ಬದಲಾಯಿತು. ಆಮೇಲೆ ನಾಲ್ಕು ದಶಕ ಎರಡೂ ನಿಗಮಗಳ ಬಸ್ಸುಗಳು ಅದೇ ಘಾಟಿಗಳಲ್ಲಿ ಎದುರುಬದುರಾಗಿ ಓಡಾಡಿದವು. ಬಣ್ಣ ಬೇರೆ, ಬೋರ್ಡಿನ ಲಿಪಿ ಬೇರೆ, ಒಂದರ ಮೈಮೇಲೆ ಗಂಡಭೇರುಂಡ, ಇನ್ನೊಂದರ ಮೈಮೇಲೆ ಆನೆ. ಮಂಗಳೂರಿಗೆ ಹೋಗಬೇಕಾದವರು ಅಕ್ಷರ ನೋಡಿ ಮೋಸಹೋಗಿ ಕಾಸರಗೋಡಿನಲ್ಲಿ ಇಳಿಯಲಿಲ್ಲ.

ಕರ್ನಾಟಕ 2013ರಲ್ಲಿ ಈ ಹೆಸರನ್ನೂ ಗಂಡಭೇರುಂಡದ ಚಿತ್ರವನ್ನೂ ನೋಂದಾಯಿಸಿಕೊಂಡಿತು, ಮುಂದಿನ ವರ್ಷ ಕೇರಳಕ್ಕೆ ನೋಟಿಸ್ ಕೊಟ್ಟಿತು. ಕೇರಳ ಸುಮ್ಮನಿರಲಿಲ್ಲ. 2019ರಲ್ಲಿ ತಾನೂ ನೋಂದಣಿ ಪಡೆಯಿತು, ಕರ್ನಾಟಕದ ನೋಂದಣಿಯನ್ನು ರದ್ದುಮಾಡಿ ಎಂದು ಚೆನ್ನೈನಲ್ಲಿದ್ದ ಮೇಲ್ಮನವಿ ಮಂಡಳಿಗೆ ಹೋಯಿತು. 2021ರಲ್ಲಿ ಆ ಮಂಡಳಿಯೇ ರದ್ದಾಗಿ ಕಡತಗಳು ಮದ್ರಾಸ್ ಹೈಕೋರ್ಟಿಗೆ ಹೋದವು. ಅದೇ ವರ್ಷ ‘ಕೆಎಸ್‌ಆರ್‌ಟಿಸಿ ಇನ್ನು ಕೇರಳದ್ದು’ ಎಂಬ ಸುದ್ದಿ ಹಬ್ಬಿ ನಮ್ಮಲ್ಲಿ ದೊಡ್ಡ ಗದ್ದಲವಾಯಿತು. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಕರ್ನಾಟಕದ ಬಸ್ಸುಗಳು ಹೆಸರು ಅಳಿಸಿಕೊಳ್ಳಬೇಕಾದ ಪ್ರಸಂಗ ಬರಲಿಲ್ಲ.

ನಾಲ್ಕು ದಶಕ ಇಲ್ಲದ ಜಗಳ ಈಗೇಕೆ ಬಂತು? ನನಗನಿಸುವ ಒಂದು ಕಾರಣ ಮೊಬೈಲು. ನಿಲ್ದಾಣದಲ್ಲಿ ನಿಂತವನಿಗೆ ಬಣ್ಣ, ಬೋರ್ಡು, ಕಂಡಕ್ಟರ್‌ನ ಕೂಗು ಎಲ್ಲವೂ ದಾರಿ ತೋರುತ್ತವೆ. ಮೊಬೈಲಿನಲ್ಲಿ ಟಿಕೆಟ್ ಕಾದಿರಿಸುವವನ ಮುಂದೆ ಉಳಿಯುವುದು ಐದು ಅಕ್ಷರ ಮಾತ್ರ. ಅರೆನೆನಪಿಗೆ ಆಸರೆಯಾಗಿದ್ದ ಕುರುಹುಗಳು ಕಳಚಿಕೊಂಡಷ್ಟೂ ಅಕ್ಷರದ ಬೆಲೆ ಏರುತ್ತದೆ.

ಇನ್ನು ಕೆಲವು ಹೆಸರುಗಳಿವೆ, ಅವು ಯಾವ ಒಬ್ಬ ವ್ಯಾಪಾರಿಯ ಜೇಬಿಗೂ ಹೋಗುವಂಥವಲ್ಲ. ಉಡುಪಿ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆ ವಾದಿರಾಜರು ಕೊಟ್ಟ ಬೀಜದ್ದು ಎಂದು ಜನ ಹೇಳುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಮೈಸೂರು ರೇಷ್ಮೆ, ಮೈಸೂರು ಸ್ಯಾಂಡಲ್ ಸಾಬೂನುಗಳಿಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಟ್ರೇಡ್‌ಮಾರ್ಕನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ಜಿಐ ಊರಿನ ಮಣ್ಣಿಗೂ ಕಸುಬಿಗೂ ಅಂಟಿಕೊಂಡದ್ದು, ಮಾರಲಾಗದು. ಆದರೆ ಟ್ಯಾಗ್ ಇದ್ದರೆ ನಕಲಿ ನಿಲ್ಲುತ್ತದೆ ಎಂದೇನಿಲ್ಲ. ಮೈಸೂರು ಸ್ಯಾಂಡಲ್ ಹೆಸರಿನಲ್ಲಿ ನಕಲಿ ಸೋಪು ಮಾಡುತ್ತಿದ್ದ ಜಾಲವೊಂದು 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಿಕ್ಕಿಬಿತ್ತು. ಅದು ಅಜ್ಜಿ ಹೇಳಿದ ‘ತಮ್ಮ’ನೂ ಅಲ್ಲ, ಅಣ್ಣನ ವೇಷವನ್ನೇ ಹಾಕಿ ಬಂದ ಪರಕೀಯ.

ಅಭಿಮನ್ಯುವಿಗೆ ಒಡೆಯನಾರು?

ಪೇಟೆಯಿಂದ ರಂಗಸ್ಥಳಕ್ಕೆ ಬಂದರೆ ಕಾನೂನಿನ ಹೆಸರು ಬದಲಾಗುತ್ತದೆ, ಟ್ರೇಡ್‌ಮಾರ್ಕ್ ಹೋಗಿ ಹಕ್ಕುಸ್ವಾಮ್ಯ ಬರುತ್ತದೆ. ಆದರೆ ಆ ಸಾಧಾರಣ ಮನುಷ್ಯ ಇಲ್ಲಿಯೂ ಹಾಜರ್. ಈ ಸಲ ಅವನು ಪ್ರೇಕ್ಷಕ.

ದೆಹಲಿಯ ಆರ್.ಜಿ. ಆನಂದ್ ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದಿದ್ದರು. ಪಂಜಾಬಿ ಮನೆಗೂ ಮದ್ರಾಸಿ ಮನೆಗೂ ನಡುವೆ ಪ್ರೀತಿ, ಪ್ರಾಂತದ ಗೋಡೆ. 1956ರಲ್ಲಿ ಬಂದ ‘ನ್ಯೂ ದೆಹಲಿ’ ಸಿನಿಮಾದಲ್ಲೂ ಅಂಥದ್ದೇ ಕಥೆ ಕಂಡು ಅವರು ದಾವೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟು, ಇಂದಿಗೂ ನಡೆಯುವ ಸೂತ್ರವೊಂದನ್ನು ಹಾಕಿಕೊಟ್ಟಿತು. ವಸ್ತುವಿಗೆ, ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ. ಅದನ್ನು ಕಟ್ಟಿದ ಬಗೆಗೆ ಇದೆ. ಕದ್ದದ್ದೋ ಅಲ್ಲವೋ ಎಂದು ತಿಳಿಯಲು ಎರಡನ್ನೂ ನೋಡಿದ ಓದುಗನನ್ನು, ನೋಡುಗನನ್ನು ಕೇಳಬೇಕು. ಇದು ಅದರದೇ ನಕಲು ಎಂಬ ಅನಿಸಿಕೆ ಅವನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಮೂಡಬೇಕು.

ಈ ಸೂತ್ರ ನಮ್ಮ ಕರಾವಳಿಯಲ್ಲಿ ಹೇಗೆ ಕಗ್ಗಂಟಾಗುತ್ತದೆ ನೋಡಿ. ಯಕ್ಷಗಾನದ ಪ್ರಸಂಗ ಮಹಾಭಾರತದ್ದು, ಕುಣಿತ ಪರಂಪರೆಯದ್ದು, ಚೆಂಡೆಯ ಪೆಟ್ಟು ಗುರುವಿನಿಂದ ಶಿಷ್ಯನಿಗೆ ಬಂದದ್ದು. ಕೋಟ ಶಿವರಾಮ ಕಾರಂತರು ಇದನ್ನೆಲ್ಲ ತೆಗೆದುಕೊಂಡು ಬೇರೊಂದು ರೂಪ ಕಟ್ಟಿದರು. ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು, ಪಿಟೀಲು, ಸ್ಯಾಕ್ಸೊಫೋನ್ ತಂದರು, ಅದನ್ನು ಯಕ್ಷಗಾನ ಬ್ಯಾಲೆ ಎಂದರು. 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು, ತಮ್ಮ ಕೊನೆಯ ವರ್ಷಗಳಲ್ಲಿ ಜತೆಗಿದ್ದು ನೋಡಿಕೊಂಡ ಮಾಲಿನಿ ಮಲ್ಯ ಅವರಿಗೆ ಬರೆದಿಟ್ಟರು. 1997ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

2001ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾಯಿತು. ಆಡಿಸಿದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್. ಕಾರಂತರು ದುಡಿದ ಯಕ್ಷಗಾನ ಕೇಂದ್ರವನ್ನು ನಡೆಸಿದ್ದ ಸಂಸ್ಥೆಯೇ ಅದು. ಅಪ್ಪಣೆ ಇಲ್ಲದೆ ಆಡಿದ್ದೀರಿ ಎಂದು ಉಡುಪಿಯ ಕೋರ್ಟಿನಲ್ಲಿ ದಾವೆ ಬಿತ್ತು. ‘ಭೀಷ್ಮ ವಿಜಯ’, ‘ನಳ ದಮಯಂತಿ’, ‘ಪಂಚವಟಿ’ ಸೇರಿ ಏಳು ಪ್ರಸಂಗಗಳ ಪ್ರಶ್ನೆ. ಅಭಿಮನ್ಯುವಿಗೆ ಒಡೆಯರುಂಟೇ ಎಂದು ಕೇಳಿದರೆ ಇಲ್ಲ ಎಂದೇ ಉತ್ತರ. ಕಾರಂತರು ಕಟ್ಟಿದ ಅಭಿಮನ್ಯುವಿಗೆ? ಕೆಳಗಿನ ಕೋರ್ಟುಗಳು ಹೌದೆಂದವು, 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹಕ್ಕು ಉಯಿಲು ಪಡೆದವರದ್ದೇ ಎಂದಿತು. ಆದರೆ ತಡೆಯಾಜ್ಞೆಗೆ ಒಂದು ಕಿಟಕಿ ಇಟ್ಟಿತು. ವಿದ್ಯಾಸಂಸ್ಥೆಯೊಂದು ತನ್ನ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರ ಮುಂದೆ ಆಡುವುದಕ್ಕೆ, ಹವ್ಯಾಸಿಗಳು ಟಿಕೆಟ್ ಇಡದೆ ಆಡುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಅದಕ್ಕೆ ಯಾರೂ ಅಡ್ಡಿ ಮಾಡುವಂತಿಲ್ಲ.

ಕೃತಿಕಾರ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಲೆಕ್ಕ ಹಾಕಿದರೆ ಕಾರಂತರದು 2057ರ ಕೊನೆಯವರೆಗೆ. ಅಲ್ಲಿಂದಾಚೆ ಅವರು ಕಟ್ಟಿದ ಅಭಿಮನ್ಯುವೂ ಊರವನಾಗುತ್ತಾನೆ. ಪರಂಪರೆಯಿಂದ ಕಡ ತಂದದ್ದು ಅವಧಿ ಮುಗಿದ ಮೇಲೆ ಪರಂಪರೆಗೇ ಹಿಂದಿರುಗುತ್ತದೆ. ಹಕ್ಕುಸ್ವಾಮ್ಯ ಎಂಬುದು ಜಹಗೀರು ಅಲ್ಲ, ವಾಯಿದೆ ಬರೆದ ಗೇಣಿ.

‘ಕಾಂತಾರ’ದ ‘ವರಾಹ ರೂಪಂ’ ಹಾಡಿನ ಸುತ್ತ 2022ರಲ್ಲಿ ಎದ್ದ ವಿವಾದವೂ ಇದೇ ಜಾಡಿನದು. ಅದು ತಮ್ಮ ‘ನವರಸಂ’ನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ರಾಗದ ಛಾಯೆಯಿಂದ ಹೋಲಿಕೆ ಕಾಣಬಹುದು ಎಂಬುದು ಚಿತ್ರತಂಡದ ಕಡೆಯ ವಾದ. ಕೋಯಿಕ್ಕೋಡಿನ ಕೋರ್ಟಿನ ತಡೆಯಿಂದಾಗಿ ನವೆಂಬರ್‌ನಲ್ಲಿ ಚಿತ್ರ ಒಟಿಟಿಗೆ ಬಂದಾಗ ಹಾಡಿನ ಮಟ್ಟು ಬೇರೆಯಿತ್ತು. ‘ಇದು ನಮ್ಮ ಹಾಡಲ್ಲ’ ಎಂದು ಮೊದಲು ಗೊಣಗಿದವನು ಮನೆಯಲ್ಲಿ ಕೂತ ಪ್ರೇಕ್ಷಕ. ರಾಗ ಯಾರ ಸ್ವತ್ತೂ ಅಲ್ಲ. ರಾಗದೊಳಗೆ ಒಬ್ಬ ಹಾಕಿದ ಹೆಜ್ಜೆಗಳು ಅವನವು. ಎಲ್ಲಿ ರಾಗ ಮುಗಿದು ಹೆಜ್ಜೆ ಶುರುವಾಯಿತು ಎಂಬುದನ್ನು ಕೊನೆಗೂ ಕಿವಿಯೇ ಹೇಳಬೇಕು.

ನೀಲಿ, ಕ್ಷಮಾಪಣೆ ಮತ್ತು ಹದಿನಾರನೆಯ ಬಿಸ್ಕತ್ತು

ಹೆಸರಿನ ಮೋಸ ಒಂದಾದರೆ, ಮಾತಿನ ಮೋಸ ಇನ್ನೊಂದು. ಬಿಳಿ ಪಂಚೆ ಒಗೆಯುವ ಮನೆಗಳಲ್ಲಿ ಒಂದು ಕಾಲಕ್ಕೆ ರಾಬಿನ್ ನೀಲಿ, ಆಮೇಲೆ ಉಜಾಲಾ. ಹತ್ತು ರೂಪಾಯಿಯ ನೀಲಿಗಿಂತ ತಮ್ಮದು ಅಗ್ಗ, ಉತ್ತಮ ಎಂದು ಸಾರುವ ಉಜಾಲಾ ಜಾಹೀರಾತು ರಾಬಿನ್ ಕಂಪನಿಗೆ ಚುಚ್ಚಿತು. ಕಲ್ಕತ್ತಾ ಹೈಕೋರ್ಟ್ ಆಗ ಎಳೆದ ಗೆರೆಯನ್ನು ಇಂದಿಗೂ ವಕೀಲರು ಉದಾಹರಿಸುತ್ತಾರೆ. ನಿಮ್ಮ ಸರಕು ಜಗತ್ತಿನಲ್ಲೇ ಶ್ರೇಷ್ಠ ಎಂದು ಕೊಚ್ಚಿಕೊಳ್ಳಿ, ಸುಳ್ಳಾದರೂ ಚಿಂತೆಯಿಲ್ಲ. ಎದುರಾಳಿಯದಕ್ಕಿಂತ ನಮ್ಮದು ಮೇಲು ಅನ್ನಿ. ಎದುರಾಳಿಯದು ಕೆಟ್ಟದ್ದು ಎಂದು ಮಾತ್ರ ಹೇಳಬೇಡಿ.

ವ್ಯಾಪಾರಿ ವ್ಯಾಪಾರಿಗಳ ನಡುವೆ ಇದು ಸರಿಯಾದ ನ್ಯಾಯವೇ. ಆದರೆ ಇದರಲ್ಲಿ ಗಿರಾಕಿ ಎಲ್ಲಿ? ಕೊಚ್ಚಿಕೊಂಡ ಸುಳ್ಳನ್ನು ನಂಬಿ ಕಾಸು ಕೊಟ್ಟವನು ಅವನು. ಅವನ ಹೆಸರಿನಲ್ಲಿ ಇಷ್ಟೆಲ್ಲ ವಾದ ನಡೆಯುತ್ತದೆ, ಕಟಕಟೆಯಲ್ಲಿ ಅವನಿಲ್ಲ.

2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವನ ನೆರಳು ಕಂಡಿತು. ರೋಗ ವಾಸಿ ಮಾಡುತ್ತೇವೆ ಎಂಬ ಪತಂಜಲಿ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ ಹೂಡಿದ್ದ ಪ್ರಕರಣ ಅದು. ಕಂಪನಿ ಪತ್ರಿಕೆಗಳಲ್ಲಿ ಕ್ಷಮೆ ಪ್ರಕಟಿಸಿದಾಗ ನ್ಯಾಯಮೂರ್ತಿಗಳು ಕೇಳಿದ್ದು, ಕ್ಷಮಾಪಣೆಯ ಗಾತ್ರ ಜಾಹೀರಾತಿನಷ್ಟೇ ಇದೆಯೇ ಎಂದು. ಅದನ್ನು ಓದಲು ಭೂತಕನ್ನಡಿ ಬೇಕಾಗಬಾರದು ಎಂಬ ಧಾಟಿಯಲ್ಲಿ ಚುಚ್ಚಿದರು. ಮರುದಿನದ ಕ್ಷಮಾಪಣೆ ದೊಡ್ಡದಾಗಿತ್ತು. ಸುಳ್ಳು ಎಷ್ಟು ಜನರ ಕಣ್ಣಿಗೆ ಬಿತ್ತೋ ನಿಜವೂ ಅಷ್ಟೇ ಕಣ್ಣುಗಳಿಗೆ ಬೀಳಬೇಕು ಎಂಬ ಲೆಕ್ಕದಲ್ಲಿ ಅರೆನೆನಪಿನ ಮನುಷ್ಯನ ಪರಿಚಯ ಚೆನ್ನಾಗಿದೆ.

ಕೊನೆಗೂ ಅವನು ಸ್ವತಃ ಕಟಕಟೆ ಹತ್ತುವುದು ಗ್ರಾಹಕರ ಆಯೋಗದಲ್ಲಿ. ಚೆನ್ನೈನ ಒಬ್ಬರು ಬೀದಿನಾಯಿಗಳಿಗೆ ಹಾಕಲು ಐಟಿಸಿಯ ಸನ್‌ಫೀಸ್ಟ್ ಮಾರಿ ಲೈಟ್ ಬಿಸ್ಕತ್ತು ಕೊಂಡರು. ಪೊಟ್ಟಣದ ಮೇಲೆ 16 ಎಂದಿತ್ತು, ಒಳಗಿದ್ದದ್ದು 15. ಬಿಸ್ಕತ್ತನ್ನು ತೂಕದಿಂದ ಮಾರುತ್ತೇವೆ, ಎಣಿಕೆಯಿಂದಲ್ಲ ಎಂದು ಕಂಪನಿ ವಾದಿಸಿತು. ತೂಗಿ ನೋಡಿದರೆ 76 ಗ್ರಾಮಿನ ಬದಲು 74. ಗಿರಾಕಿ ನೋಡಿ ಕೊಳ್ಳುವುದು ಹೊದಿಕೆಯನ್ನೇ ಎಂದ ತಿರುವಳ್ಳೂರು ಜಿಲ್ಲಾ ಆಯೋಗ 2023ರಲ್ಲಿ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ನಾಯಿಗಳು ಎಣಿಸಲಿಲ್ಲ, ಹಾಕಿದವರು ಎಣಿಸಿದರು.

ಈ ದಾರಿ ಎಲ್ಲರಿಗೂ ತೆರೆದಿದೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಜಿಲ್ಲಾ ಆಯೋಗದಲ್ಲಿ ವಕೀಲರಿಲ್ಲದೆಯೂ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ರಸೀದಿ ಮತ್ತು ಹೊದಿಕೆಯನ್ನು ಎಸೆಯದಿರುವುದು ಅರ್ಧ ಗೆಲುವು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅದರಲ್ಲಿ ನಟಿಸಿದ ತಾರೆಗೂ ಒಂದು ವರ್ಷದವರೆಗೆ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಜಾಹೀರಾತು ನಿಷೇಧದ ಬಿಸಿ ಮುಟ್ಟಬಹುದು.

ಹಾಲಿನ ಪ್ಯಾಕೆಟ್ಟು, ಬಸ್ಸಿನ ಬೋರ್ಡು, ಚೆಂಡೆಯ ಸದ್ದು, ಬಿಸ್ಕತ್ತಿನ ಹೊದಿಕೆ. ಇವಕ್ಕೆ ಬೇರೆ ಬೇರೆ ಕಾಯ್ದೆಗಳಿವೆ, ಬೇರೆ ಬೇರೆ ವಕೀಲರಿದ್ದಾರೆ. ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ ಮಾತು: ಎದುರಿಗೆ ನಿಂತ ಸಾಮಾನ್ಯ ಮನುಷ್ಯ ಇದನ್ನು ಏನೆಂದು ನಂಬಿದ? ಹಸುವಿನ ಹೆಸರಾಗಲಿ, ಅಭಿಮನ್ಯುವಿನ ಕಥೆಯಾಗಲಿ, ರಾಗವಾಗಲಿ ಕಾನೂನು ಯಾರಿಗೂ ಪೂರ್ತಿ ಬರೆದುಕೊಡುವುದಿಲ್ಲ. ಅದು ಕಾಯುವುದು ಆ ನಂಬಿಕೆಯನ್ನು.

ಅಂದು ಆ ಮುಲಾಮಿನ ಡಬ್ಬಿಯನ್ನು ಅಜ್ಜಿ ಎಸೆಯಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋದಳು, ನಾನು ಹಿಂದೆ ಹಿಂದೆ. ಕಟ್ಟೆಯ ಮೇಲೆ ಡಬ್ಬಿ ಇಟ್ಟು, ‘ಹುಡುಗನ ಕಣ್ಣಿಗೆ ಮಣ್ಣೆರಚಿದ್ದು ಸಾಕು, ಅಣ್ಣನ್ನ ಕೊಡಪ್ಪ’ ಅಂದಳು. ಅಂಗಡಿಯವನು ಮರುಮಾತಾಡದೆ ಹಿಂದಿನ ಶೆಲ್ಫಿಗೆ ಕೈ ಹಾಕಿದ.